ಸಾಲಿನ ಕೊನೆಯಿಂದ ಓದಿದವರು

ಡಾಕ್ಟರ್ ಲಿಯೊಕಾದಿಯಾ ಫುರ್ತಾದು ಯಾರ ಮುಖವನ್ನೂ ಮೊದಲು ನೋಡುತ್ತಿರಲಿಲ್ಲ, ಹಣೆಯನ್ನು ನೋಡುತ್ತಿದ್ದರು. ಎದುರಿಗೆ ಬಂದವರು ಆಸ್ಪತ್ರೆಯ ನಿರ್ದೇಶಕರಾಗಲಿ, ನೆಲ ಒರೆಸುವಾಕೆಯಾಗಲಿ, ಆಕೆಯ ದೃಷ್ಟಿ ಹುಬ್ಬಿನಿಂದ ತುಸು ಮೇಲೆ ಹೋಗಿ ನಿಂತು, ಅಲ್ಲಿಂದ ಚರ್ಮವನ್ನೂ ಮೂಳೆಯನ್ನೂ ದಾಟಿ ಒಳಗಿನ ಯಾವುದೋ ಬೂದುಬಣ್ಣದ ಕಣಿವೆಗೆ ಇಳಿಯುತ್ತಿರುವಂತೆ ತೋರುತ್ತಿತ್ತು. ಹೊಸಬರು ಗಲಿಬಿಲಿಗೊಂಡು ಹಣೆ ಒರೆಸಿಕೊಳ್ಳುತ್ತಿದ್ದರು, ಕೂದಲು ಸರಿಮಾಡಿಕೊಳ್ಳುತ್ತಿದ್ದರು. ಹಳಬರಾದ ನಾವು ಅದಕ್ಕೆ ಒಗ್ಗಿಹೋಗಿದ್ದೆವು. ನಮ್ಮ ಹೆಸರು ಮರೆತರೂ ನಮ್ಮ ತಲೆಬುರುಡೆಯ ಆಕಾರವನ್ನು ಆಕೆ ಮರೆಯುವುದಿಲ್ಲವೆಂಬುದು ನಮಗೆ ಗೊತ್ತಿತ್ತು, ಮತ್ತು ಹೇಳಿಕೊಳ್ಳಲಾರದ ರೀತಿಯಲ್ಲಿ ಅದು ನಮಗೆ ಧೈರ್ಯ ಕೊಡುತ್ತಿತ್ತು.

ನಮ್ಮ ಬೆಲೇಂ ಪಟ್ಟಣದ ಸೆಕೆ ವರ್ಷಕ್ಕೆ ಒಂದು ದಿನವೂ ರಜೆ ತೆಗೆದುಕೊಳ್ಳುವಂಥದ್ದಲ್ಲ. ಗಾಳಿಯನ್ನು ಹಿಂಡಿದರೆ ನೀರು ಸುರಿದೀತು ಎನ್ನುವಂಥ ಊರಿನಲ್ಲಿ ಆಕೆ ಕಂದುಬಣ್ಣದ ಉಣ್ಣೆಯ ಕೋಟು ತೊಟ್ಟು ಓಡಾಡುತ್ತಿದ್ದರು. ಸ್ಕ್ಯಾನ್ ಯಂತ್ರಕ್ಕೆ ಸದಾ ತಣ್ಣಗಿನ ಕೋಣೆ ಬೇಕು. ಅದರ ಪಕ್ಕದ ಕತ್ತಲೆಯ ಕೋಣೆಯಲ್ಲಿ ಕೂತು ಪರದೆಯ ಮೇಲೆ ತಲೆಗಳನ್ನು ಓದುವುದು ಆಕೆಯ ವೃತ್ತಿ. ಕೋಟು ಆ ಕೋಣೆಗಾಗಿ ಹೊಲಿಸಿದ್ದೇ ಸರಿ, ಆದರೆ ಬರಬರುತ್ತ ಅದು ಆಕೆಯ ಮೈಯ ಭಾಗವೇ ಆಗಿ, ಸಂತೆಗೂ ಚರ್ಚಿಗೂ ದೋಣಿಗೂ ಜೊತೆಯಾಗಿ ಬಂತು. ಕತ್ತಲೆಯಲ್ಲಿ ದಾರಿ ಹುಡುಕಿಕೊಳ್ಳುವ ಅಭ್ಯಾಸದಿಂದಲೋ ಏನೋ, ಬೆಳಕಿರುವ ಪಡಸಾಲೆಯಲ್ಲೂ ಆಕೆ ಗೋಡೆಗೆ ಬಲಭುಜ ತಾಗಿಸಿಕೊಂಡೇ ನಡೆಯುತ್ತಿದ್ದರು. ಕೋಟಿನ ಬಲತೋಳು ಸವೆದು ನೂಲೆದ್ದಿತ್ತು, ಎಡತೋಳು ಹೊಸದರಂತಿತ್ತು. ಎದುರಿನ ರಕ್ತಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ ನನಗೆ, ಗೋಡೆಗೆ ಉಣ್ಣೆ ಉಜ್ಜುವ ಸದ್ದು ಕೇಳಿದರೆ ಸಾಕು, ಆಕೆ ಬಂದರೆಂದು ತಿಳಿಯುತ್ತಿತ್ತು.

ಮಾತಿನಲ್ಲಿ ಆಕೆಗೊಂದು ವಿಲಕ್ಷಣವಾದ ಸಂಯಮವಿತ್ತು. ಯಾವುದನ್ನೂ ಆಕೆ 'ಇದೆ' ಎನ್ನುತ್ತಿರಲಿಲ್ಲ, 'ಇರೋ ಹಾಗೆ ಕಾಣುತ್ತೆ' ಎನ್ನುತ್ತಿದ್ದರು. ನೆರಳುಗಳನ್ನು ಓದಿ ಬದುಕುವವರಿಗೆ ಅದು ವೃತ್ತಿಧರ್ಮ. ನೆರಳು ಕಂಡದ್ದನ್ನು ಹೇಳಬಹುದೇ ಹೊರತು ವಸ್ತುವಿಗೆ ಜಾಮೀನು ನಿಲ್ಲಲಾಗದು. ಆದರೆ ಆಕೆ ಈ ನೇಮವನ್ನು ಇಡೀ ಜಗತ್ತಿಗೆ ವಿಸ್ತರಿಸಿದ್ದರು. ನಮ್ಮೂರಿನ ಮಧ್ಯಾಹ್ನದ ಮಳೆ ಗಡಿಯಾರ ಕಟ್ಟಿಕೊಂಡವರ ಹಾಗೆ ಬರುತ್ತದೆ, ಒಮ್ಮೆ ಆ ಮಳೆಯಲ್ಲಿ ತೊಯ್ದು ತೊಪ್ಪೆಯಾಗಿ, ಕೋಟಿನಿಂದ ನೀರು ಸುರಿಸುತ್ತ ಒಳಗೆ ಬಂದವರು ನನ್ನ ಬಾಗಿಲಲ್ಲಿ ನಿಂತು ಗಂಭೀರವಾಗಿ ಹೇಳಿದರು: "ಮಾನಾ, ಹೊರಗೆ ಮಳೆ ಬರ್ತಿರೋ ಹಾಗೆ ಕಾಣುತ್ತೆ." ಅಕ್ಕತಂಗಿಯರನ್ನೂ ಗೆಳತಿಯರನ್ನೂ ನಮ್ಮೂರವರು ಕರೆಯುವುದು ಹಾಗೆಯೇ, ಮಾನಾ ಎಂದು.

ಈ ಮಾತನ್ನು ಹಿಡಿದು ಆಕೆಯನ್ನು ಕಾಡುವ ಹಕ್ಕು ಸಂಪಾದಿಸಿದ್ದವಳು ಒಬ್ಬಳೇ. ಆಸ್ಪತ್ರೆಯ ಪಕ್ಕದ ಮಾವಿನ ಮರದ ಕೆಳಗೆ ತಕಕಾ ಮಾರುತ್ತಿದ್ದ ದೋನಾ ಒಸ್ಮರೀನಾ. ಸಂಜೆಯಾಗುತ್ತಿದ್ದಂತೆ ಅವಳ ಹಂಡೆಯಿಂದ ಮರಗೆಣಸಿನ ಹಳದಿ ಸಾರಿನ ಹುಳಿ ಹುಳಿ ಹಬೆ ಏಳುತ್ತಿತ್ತು. ಸೋರೆ ಬುರುಡೆಯ ಬಟ್ಟಲಿಗೆ ಅಂಟಿನಂಥ ಗಂಜಿ, ಮೇಲೆ ಕುದಿಯುವ ಸಾರು, ನಾಲಗೆಯನ್ನು ಜೋಮು ಹಿಡಿಸುವ ಜಂಬು ಸೊಪ್ಪು, ಒಣಸೀಗಡಿ. ಲಿಯೊಕಾದಿಯಾ ಮದುವೆಯಾದವರಲ್ಲ, ಮನೆಯಲ್ಲಿ ಒಲೆ ಹಚ್ಚಿದವರೂ ಅಲ್ಲ. ಎಷ್ಟೋ ವರ್ಷ ಆಕೆಯ ದಿನದ ಊಟವೆಂದರೆ ಆ ಬಟ್ಟಲೇ.

"ಹೇಗಿದೆ ದೊತೋರಾ ಸಾರು?" ಎಂದು ಒಸ್ಮರೀನಾ ಸೌಟು ಅಲ್ಲಾಡಿಸುತ್ತ ಕೇಳುವಳು.

"ಚೆನ್ನಾಗಿರೋ ಹಾಗೆ ಕಾಣುತ್ತೆ."

"ಕಾಣುತ್ತಂತೆ! ಬಟ್ಟಲು ನೆಕ್ಕಿ ಕೆಳಗಿಟ್ಟಾಯ್ತು, ಇನ್ನೂ ಕಾಣುತ್ತಂತೆ! ನೀವು ಮದ್ವೆ ಆಗ್ದಿದ್ದಿದ್ದೇ ಒಳ್ಳೇದಾಯ್ತು ತಾಯಿ. ಗಂಡ ಪಕ್ಕದಲ್ಲೇ ಇದ್ರೂ, ಗಂಡ ಇರೋ ಹಾಗೆ ಕಾಣುತ್ತೆ ಅಂತಿದ್ರಿ."

ಆಗ ಮಾತ್ರ ಲಿಯೊಕಾದಿಯಾ ನಗುತ್ತಿದ್ದರು. ಆ ನಗು ಸದ್ದಿಲ್ಲದ್ದು, ಕೋಟಿನೊಳಗೇ ಹುಟ್ಟಿ ಕೋಟಿನೊಳಗೇ ಮುಗಿಯುವಂಥದ್ದು.

ನಮ್ಮದು ನದಿಯ ಮುಖದಲ್ಲಿರುವ ಸರ್ಕಾರಿ ಆಸ್ಪತ್ರೆ. ಮರಜೊ ದ್ವೀಪದಿಂದ, ಮೇಲಿನ ಹೊಳೆಗಳಿಂದ, ಹಗಲಿಡೀ ದೋಣಿಯಲ್ಲಿ ಹಗ್ಗದ ತೂಗುಮಂಚದ ಮೇಲೆ ಮಲಗಿಸಿ ತಂದ ರೋಗಿಗಳು ಇಲ್ಲಿಗೇ ಬರಬೇಕು. ಅಸಾಯಿ ಹಣ್ಣಿನ ಮರದಿಂದ ಬಿದ್ದವರು, ಮೋಟಾರ್ ಬೈಕಿನಿಂದ ಉರುಳಿದವರು, ಗಂಡನ ಏಟು ತಿಂದವರು, ತಲೆನೋವೆಂದು ಸುಮ್ಮನೆ ಕೂತವರು. ಎಲ್ಲರ ತಲೆಯ ಚಿತ್ರಗಳೂ ಬಂದು ಸೇರುತ್ತಿದ್ದದ್ದು ಒಂದೇ ಸಾಲಿನಲ್ಲಿ, ಆ ಸಾಲನ್ನು ಓದಲು ಇದ್ದದ್ದು ಹೆಚ್ಚಿನ ದಿನಗಳಲ್ಲಿ ಒಂದೇ ಜೊತೆ ಕಣ್ಣು. ಬಂದ ಕ್ರಮದಲ್ಲಿ ಓದಬೇಕು. ನೂರು ನಿರೋಗಿ ತಲೆಗಳ ಹಿಂದೆ ರಕ್ತ ಸೋರುವ ಒಂದು ತಲೆ ತನ್ನ ಸರದಿಗಾಗಿ ಕಾದಿರುತ್ತದೆ. ಯಾವುದದು ಎಂದು ಓದುವ ಮೊದಲು ಯಾರಿಗೂ ತಿಳಿಯದು. ಒಂದು ದಿನ ಸಾಲಿನ ನಡುವಿನಲ್ಲೊಬ್ಬ ಮೀನುಗಾರನ ಚಿತ್ರ ತೆರೆಯಿತು. ಮಿದುಳಿನ ಬೂದುಬಣ್ಣದ ನಡುವೆ ಹಾಲು ಚೆಲ್ಲಿದ ಹಾಗೆ, ಸ್ಕ್ಯಾನಿನಲ್ಲಿ ಬೆಳ್ಳಗೆ ಕಾಣುವ ಹಸಿ ರಕ್ತ, ಕುರುಡನಿಗೂ ಕಾಣುವಂತೆ. ಆಕೆ ಎದ್ದು ಗೋಡೆಯ ಆಸರೆಯನ್ನೂ ಮರೆತು ಓಡಿದರು. ಪಡಸಾಲೆಯಲ್ಲಿ ಅವನ ಮೇಲೆ ಆಗಲೇ ಬಟ್ಟೆ ಹೊದಿಸಿದ್ದರು. ಹೆಂಡತಿ ಕಾಲ ಬಳಿ ಕೂತು ಅವನ ಚಪ್ಪಲಿಗಳನ್ನು ಮಡಿಲಲ್ಲಿಟ್ಟುಕೊಂಡಿದ್ದಳು.

"ನಾನು ಓದಿದ್ದು ಸತ್ತವನ ಚಿತ್ರ, ಮಾನಾ," ಎಂದರು ಅಂದು ನನ್ನ ಬಾಗಿಲಲ್ಲಿ ನಿಂತು. "ಬೆಳಿಗ್ಗೆಯಿಂದ ಅಲ್ಲೇ ಇದ್ದ. ನಾನು ಯಾರ್ಯಾರ್ದೋ ಚೆನ್ನಾಗಿರೋ ತಲೆ ಓದ್ತಾ ಕೂತಿದ್ದೆ."

ಅದಾದ ಕೆಲವೇ ದಿನಗಳಿಗೆ ಆ ಕತ್ತಲೆಯ ಕೋಣೆಯಲ್ಲಿ ಆಕೆಯೇ ಕರೆಸಿಕೊಂಡ ವಾಲ್ದೆಸೀರ್ ಎಂಬ ಬೊಜ್ಜು ದೇಹದ, ಬೆವರು ಒರೆಸಿಕೊಳ್ಳುವ, ಬಾಯಿ ಮುಚ್ಚದ ಗಣಿತಜ್ಞ ಕಾಣಿಸಿಕೊಂಡರು. ವಿದ್ಯುತ್ ಇಲಾಖೆಯಲ್ಲಿದ್ದವರು. ಲಕ್ಷಾಂತರ ಮನೆಗಳ ಮೀಟರಿನ ಲೆಕ್ಕಗಳನ್ನು ಕಂಪ್ಯೂಟರಿಗೆ ಸುರಿದು, ಅದರಲ್ಲಿ ಅಡಗಿದ ಕದ್ದ ವಿದ್ಯುತ್ತಿನ ಜಾಡನ್ನು ಹೆಕ್ಕಿ ತೆಗೆಯುವುದು ಅವರ ಕಸುಬಾಗಿತ್ತು. ಅವರ ಅಪ್ಪ ಮೇಲಿನ ಹೊಳೆಗಳಲ್ಲಿ ಚಿನ್ನ ಹುಡುಕಲು ಹೋಗಿ ಜ್ವರ ಹುಡುಕಿಕೊಂಡು ಬಂದವನಂತೆ. "ನಮ್ಮಪ್ಪ ಮಣ್ಣು ಜಾಲಿಸ್ತಿದ್ದ, ನಾನು ಲೆಕ್ಕ ಜಾಲಿಸ್ತೀನಿ. ಅವನಿಗೆ ಚಿನ್ನ ಸಿಗ್ಲಿಲ್ಲ, ನನಗೆ ಕಳ್ಳರು ಸಿಕ್ಕಿದ್ರು. ನಿಮ್ಮ ರಕ್ತ ಸಿಗಲ್ವಾ ದೊತೋರಾ?" ಎಂದು ಆತ ನಗಾಡುತ್ತಿದ್ದರು.

ಆಸ್ಪತ್ರೆಯ ಹಳೆಯ ಭಂಡಾರದಲ್ಲಿ ವರ್ಷಗಟ್ಟಲೆ ಪೇರಿಸಿದ ತಲೆಗಳಿದ್ದವು. ಅವನ್ನೆಲ್ಲ ಇಬ್ಬರೂ ಹೊರತೆಗೆದರು. ಪ್ರತಿಯೊಂದನ್ನೂ ಲಿಯೊಕಾದಿಯಾ ಮತ್ತೊಮ್ಮೆ ಓದಿ, ಇದರಲ್ಲಿ ರಕ್ತವಿದೆ, ಇದರಲ್ಲಿಲ್ಲ ಎಂದು ಗುರುತು ಹಾಕಬೇಕು. ಕಂಪ್ಯೂಟರು ಆ ಗುರುತುಗಳನ್ನು ನೋಡಿ, ರಕ್ತವಿರುವ ತಲೆಗೂ ಇಲ್ಲದ ತಲೆಗೂ ಏನು ವ್ಯತ್ಯಾಸವೆಂದು ತಾನೇ ಅಗೆದು ಅಗೆದು ಕಲಿಯಬೇಕು. ಎಲ್ಲಿ ಎಷ್ಟು ಬಿಳುಪು, ಅದರ ಅಂಚು ಹೇಗೆ, ಎಡಭಾಗಕ್ಕೂ ಬಲಭಾಗಕ್ಕೂ ಹೋಲಿಕೆ ತಪ್ಪಿದೆಯೇ, ವಯಸ್ಸಾದವರ ತಲೆಯಲ್ಲಿ ಕಲ್ಲುಗಟ್ಟಿದ ಸುಣ್ಣದ ಬಿಳುಪಿಗೂ ಹಸಿ ರಕ್ತದ ಬಿಳುಪಿಗೂ ಏನು ಭೇದ. ಆಕೆ ರಜೆಯ ದಿನಗಳನ್ನೆಲ್ಲ ಇದಕ್ಕೆ ಕೊಟ್ಟರು. ಕಣ್ಣು ಕೆಂಪಾಗಿ, ಕೆನ್ನೆ ಒಳಸರಿದು, ಒಸ್ಮರೀನಾ ಬಟ್ಟಲನ್ನು ಕೋಣೆಗೇ ಕಳಿಸುವಂತಾಯಿತು.

ಕೆಲಸ ಒಂದು ಹಂತಕ್ಕೆ ಬಂದು ನಿಂತುಬಿಟ್ಟಿತು. ಯಂತ್ರದ ತಪ್ಪುಗಳು ಕಡಿಮೆಯಾಗಲೊಲ್ಲವು. ವಾಲ್ದೆಸೀರ್ ಕಾರಣ ಕಂಡುಹಿಡಿದರು. ಭಂಡಾರದಲ್ಲಿ ಕೆಲವು ಚಿತ್ರಗಳಿದ್ದವು, ಆಕೆಯೇ ಬೆಳಿಗ್ಗೆ ಒಂದು ಹೇಳಿ ಸಂಜೆ ಇನ್ನೊಂದು ಹೇಳುವಂಥವು. ಬೂದಿಯಲ್ಲಿ ಬೂದಿ ಕಲಸಿದಂಥವು. ಆಕೆಗೂ ಇನ್ನೊಬ್ಬ ವೈದ್ಯರಿಗೂ ಒಮ್ಮತ ಬಾರದವು. "ಇವು ಅದರ ತಲೆ ಕೆಡಿಸ್ತಿವೆ ದೊತೋರಾ. ಮೇಷ್ಟ್ರೇ ಹೌದೋ ಅಲ್ವೋ ಅಂದ್ರೆ ಮಗು ಏನು ಕಲೀಬೇಕು? ಸಂದೇಹದ ಮಣ್ಣನ್ನ ಹೊಳೆಗೆ ಚೆಲ್ಲಿಬಿಡಿ." ಆಕೆ ಅವುಗಳಲ್ಲಿ ಒಂದೆರಡನ್ನು ಮತ್ತೆ ತೆರೆದು ನೋಡಿ, ಕೊನೆಗೆ ಸರಿ ಎಂದರು. ಸಂದೇಹದ ಚಿತ್ರಗಳನ್ನೆಲ್ಲ ಬೇರೆ ತೆಗೆದಿಟ್ಟರು. ಯಂತ್ರ ಚುರುಕಾಯಿತು. 'ಕಾಣುತ್ತೆ' ಎಂಬ ಮಾತಿಲ್ಲದೆ ಬಾಯಿ ತೆರೆಯದ ಹೆಂಗಸು, ತಮ್ಮ ಜೀವಮಾನದಲ್ಲಿ ಮಾಡಿದ ಒಂದೇ ಒಂದು ವಸ್ತುವಿಗೆ ಸಂದೇಹವೆಂದರೇನೆಂದು ಕಲಿಸದೆ ಹೋದರು. ಅಂದು ಅದು ಯಾರಿಗೂ ಹೊಳೆಯಲಿಲ್ಲ.

ಅದಕ್ಕೆ ಆಸ್ಪತ್ರೆಯವರು ಜರಡಿ ಎಂದು ಹೆಸರಿಟ್ಟರು. ಚಿತ್ರ ತೆಗೆದ ಕ್ಷಣವೇ ಜರಡಿ ಅದನ್ನು ಸೋಸಿ, ರಕ್ತವಿರಬಹುದಾದ್ದಕ್ಕೆ ಕೆಂಪು ಗುರುತು ಹಾಕಿ ಸಾಲಿನ ತಲೆಗೂ, ಉಳಿದದ್ದಕ್ಕೆ ಹಸಿರು ಹಾಕಿ ಬಾಲಕ್ಕೂ ಕಳಿಸುತ್ತಿತ್ತು. ಮೊದಲ ವಾರವೇ ಬಸ್ ಚಾಲಕನೊಬ್ಬ ಬದುಕಿದ. ಆಮೇಲೆ ಬಾಣಂತಿಯೊಬ್ಬಳು, ಆಮೇಲೆ ಶಾಲೆಯ ಉಪಾಧ್ಯಾಯಿನಿ. ಪಡಸಾಲೆಯಲ್ಲಿ ಬಟ್ಟೆ ಹೊದಿಸಿಕೊಂಡು ಮಲಗುವವರು ಕಡಿಮೆಯಾದರು; ನಾವು ಕಣ್ಣಾರೆ ಕಂಡೆವು. ಲಿಯೊಕಾದಿಯಾ ಒಸ್ಮರೀನಾಳ ಬಳಿ ಕೂತು ಎರಡನೆಯ ಬಟ್ಟಲು ಕೇಳಿದ್ದು ಆ ದಿನಗಳಲ್ಲೇ.

ಹಸಿರು ಎಂದರೆ ಆಕೆಯ ಮನಸ್ಸಿನಲ್ಲಿದ್ದ ಅರ್ಥ, 'ಇದು ಕಾಯಬಹುದು'. ಗಡಿಬಿಡಿಯ ತುರ್ತು ವಿಭಾಗದಲ್ಲಿ ದಿನಗಳೆದಂತೆ ಅದೇ ಹಸಿರು 'ಇದರಲ್ಲೇನೂ ಇಲ್ಲ' ಎಂದಾಯಿತು. ಯಾರೂ ಹಾಗೆ ಅಪ್ಪಣೆ ಕೊಡಲಿಲ್ಲ. ಬಂಡೆಯ ಮೇಲೆ ಪಾಚಿ ಹಿಡಿಯುವಂತೆ ಅರ್ಥ ತಾನಾಗಿ ಬದಲಾಯಿತು.

ಒಂದು ಸಂಜೆ ಒಸ್ಮರೀನಾ ಬಟ್ಟಲಿಗೆ ಸೊಪ್ಪು ಹಾಕುವುದನ್ನು ಮರೆತಳು. ಮರುದಿನ ಉಪ್ಪು ಎರಡು ಸಲ ಹಾಕಿದಳು. ಗಿರಾಕಿಗಳು ಗೇಲಿ ಮಾಡಿದರು. ಅವಳು ಬೈಯಲಿಲ್ಲ, ಅದೇ ವಿಚಿತ್ರ. ಸ್ಟೂಲಿನ ಮೇಲೆ ಕೂತಲ್ಲೇ ತೂಕಡಿಸತೊಡಗಿದ್ದಳು. ಲಿಯೊಕಾದಿಯಾ ಅವಳ ಹಣೆಯನ್ನು ನೋಡುತ್ತ ಕೇಳಿದರು: "ಎಲ್ಲಾದ್ರೂ ಬಿದ್ದಿದ್ಯಾ?"

"ಬೀಳೋದೇನ್ ಬಂತು ದೊತೋರಾ. ಮೊನ್ನೆ... ಮೊನ್ನೆ ಅಲ್ಲ, ಹೋದ ತಿಂಗಳು, ಗ್ಯಾಸಿನ ಸಿಲಿಂಡರ್ ಎತ್ತೋವಾಗ ಈ ಮರಕ್ಕೆ ತಲೆ ತಾಗ್ತು. ಅಷ್ಟಕ್ಕೆ ಯಾರಾದ್ರೂ ಸಾಯ್ತಾರಾ? ಮಾವಿನ ಮರ ಸತ್ತಿಲ್ಲ ನೋಡಿ."

"ನಾಳೆ ಹೋಗಿ ತಲೆ ಸ್ಕ್ಯಾನ್ ಮಾಡಿಸ್ಕೋ. ನಾನ್ ಹೇಳಿದೆ ಅನ್ನು. ನಾನು ನೋಡ್ತೀನಿ."

ಮರುದಿನ ಒಸ್ಮರೀನಾ ಏಪ್ರನ್ ಬಿಚ್ಚಿ, ತಲೆ ಬಾಚಿ, ಚರ್ಚಿಗೆ ಹೋಗುವ ಅಂಗಿ ತೊಟ್ಟು ಆಸ್ಪತ್ರೆಗೆ ಹೋದಳು. ಅಂದು ರಾಜ್ಯದ ಆರೋಗ್ಯ ಇಲಾಖೆಯ ದೊಡ್ಡವರಿಗೆ ಜರಡಿಯ ಗುಣಗಳನ್ನು ವಿವರಿಸಲು ಲಿಯೊಕಾದಿಯಾರನ್ನು ಕರೆಸಿದ್ದರು. ಸಭೆಯ ನಡುವೆ ಎದ್ದು ಹೊರಗೆ ಬಂದು ಆಕೆ ಕರ್ತವ್ಯದಲ್ಲಿದ್ದ ವೈದ್ಯನಿಗೆ ಫೋನ್ ಮಾಡಿದರು. ಒಸ್ಮರೀನಾದು ಏನಾಯ್ತು? "ಹಸಿರು, ದೊತೋರಾ," ಎಂದ ಅವನು. ಆಕೆ "ಸರಿ" ಎಂದರು. ತಲೆನೋವಿನ ಮಾತ್ರೆ ಕೊಟ್ಟು ಒಸ್ಮರೀನಾಳನ್ನು ಮನೆಗೆ ಕಳಿಸಿದರು.

ಸಭೆಯಿಂದ ಮರಳಿದ ಮೇಲೂ ಸಾಲಿನಲ್ಲಿ ಕೆಂಪಿನವು ತುಂಬಿದ್ದವು. ಆಕೆ ಜರಡಿ ಕೊಟ್ಟ ಕ್ರಮದಲ್ಲೇ ಓದಿದರು. ಬಾಲದ ಹಸಿರುಗಳನ್ನು ಮುಟ್ಟಲು ಪುರಸೊತ್ತಾಗಲಿಲ್ಲ. ಅಷ್ಟರಲ್ಲಿ ಒಂದು ಬೆಳಿಗ್ಗೆ ಒಸ್ಮರೀನಾಳ ಮಗಳು ಗ್ರಾಸಿಲೇನಿ ಅಮ್ಮನನ್ನು ಎಬ್ಬಿಸಲು ಹೋಗಿ, ಎಬ್ಬಿಸಲಾರದೆ, ಪಕ್ಕದ ಮನೆಯವರ ಪಿಕಪ್ಪಿನಲ್ಲಿ ಹಾಕಿಕೊಂಡು ಬಂದಳು. ಶಸ್ತ್ರಚಿಕಿತ್ಸಕರು ತಲೆಯನ್ನು ತೆರೆದರು, ತಡವಾಗಿತ್ತು. ಸಂಜೆಗೆ ಮುನ್ನ ಅವಳು ತೀರಿಕೊಂಡಳು.

ಆಮೇಲೆ ಲಿಯೊಕಾದಿಯಾ ತಮ್ಮ ಕೋಣೆಗೆ ಹೋಗಿ ಆ ಮೊದಲ ಚಿತ್ರವನ್ನು ತೆರೆದರು. ನನ್ನನ್ನೂ ಕರೆದರು, ಒಬ್ಬಳೇ ನೋಡಲಾರೆನೆಂದು. ನನ್ನ ಕಣ್ಣಿಗೆ ಅಲ್ಲೇನೂ ಕಾಣಲಿಲ್ಲ. ಹಾಗೆಂದೆ.

"ಅದೇ," ಎಂದರು. "ಎಷ್ಟು ಚೆನ್ನಾಗಿದೆ ನೋಡು. ಈ ವಯಸ್ಸಿನವಳ ಮಿದುಳು ಒಣಗಿದ ಅಕ್ರೋಟಿನ ಹಾಗೆ ಸುಕ್ಕು ಬಿಟ್ಕೊಂಡಿರ್ಬೇಕು. ಇದು ಹದಿನೆಂಟರ ಹುಡುಗಿದು ಇದ್ದ ಹಾಗಿದೆ, ಒಂದು ಸುಕ್ಕಿಲ್ಲ. ಎರಡೂ ಕಡೆಯಿಂದ ರಕ್ತ ಒತ್ತಿಕೊಂಡು ಕೂತಿದೆ. ಹಳೇ ರಕ್ತ. ಹೊಸದಾದ್ರೆ ಬೆಳ್ಳಗಿರುತ್ತೆ, ದಿನ ಕಳೆದ ಹಾಗೆ ಮಿದುಳಿನ ಬಣ್ಣಾನೇ ಬಂದುಬಿಡುತ್ತೆ. ಎಡಬಲ ಎರಡೂ ಒಂದೇ ಸಮ. ಜರಡಿ ಬಿಳುಪು ಹುಡುಕ್ತು, ಸಿಗಲಿಲ್ಲ. ಎಡಬಲ ಹೋಲಿಸ್ತು, ವ್ಯತ್ಯಾಸ ಸಿಗಲಿಲ್ಲ. ನಾನು ಒಂದು ಸಲ, ಒಂದೇ ಒಂದು ಸಲ ನೋಡಿದ್ರೂ..." ಇಂಥ ತಲೆಗಳೇ ಅವರು ಬೇರೆ ತೆಗೆದಿಟ್ಟ ಸಂದೇಹದ ಗುಂಪಿನಲ್ಲಿದ್ದವು. ಇಷ್ಟು ಮೆಲ್ಲಗೆ ಬಂದ ರಕ್ತವನ್ನು, ಮೂಳೆಯಲ್ಲಿ ಸಣ್ಣ ರಂಧ್ರ ಕೊರೆದು ಹರಿಯಬಿಟ್ಟರೆ, ರೋಗಿ ವಾರದಲ್ಲಿ ಎದ್ದು ಮನೆಗೆ ಹೋಗುತ್ತಾಳೆ ಎಂಬುದೂ ನನಗೆ ಅಂದೇ ತಿಳಿದದ್ದು.

ಶವವನ್ನು ಅವಳ ಮನೆಯಲ್ಲೇ ಇಟ್ಟಿದ್ದರು. ನೆರೆಯವರು ಕಾಫಿ ಹಂಚುತ್ತಿದ್ದರು. ಲಿಯೊಕಾದಿಯಾ ಪೆಟ್ಟಿಗೆಯ ಬಳಿ ಹೋಗಿ, ಮೊದಲ ಸಲ ಇರಬೇಕು, ಒಸ್ಮರೀನಾಳ ಹಣೆಯನ್ನು ಬಿಟ್ಟು ಮುಖವನ್ನು ನೋಡಿದರು. ಆಮೇಲೆ ಗ್ರಾಸಿಲೇನಿಯ ಪಕ್ಕ ಕೂತು ಎಲ್ಲವನ್ನೂ ಹೇಳಿದರು. ಹಸಿರಿನ ಸಂಗತಿ, ಫೋನಿನ ಸಂಗತಿ, ಹೊಳೆಗೆ ಚೆಲ್ಲಿದ ಸಂದೇಹಗಳ ಸಂಗತಿ. ಆ ಹೊತ್ತಿನಲ್ಲಿ ಆಕೆಯ ಬಾಯಿಂದ ಒಂದು ಸಲವೂ 'ಕಾಣುತ್ತೆ' ಬರಲಿಲ್ಲ.

"ನೀವೇ ಕಳಿಸಿದ್ದು ಅಮ್ಮನ್ನ," ಎಂದಳು ಗ್ರಾಸಿಲೇನಿ. "ಚರ್ಚಿನ ಅಂಗಿ ಹಾಕ್ಕೊಂಡು ಹೋದ್ಳು. ದೊತೋರಾ ನೋಡ್ತಾರೆ ಅಂತ."

"ನಾನು ನೋಡ್ಲಿಲ್ಲ. ನಾನೇ ಕೊಂದೆ ಅವಳನ್ನ."

ಗ್ರಾಸಿಲೇನಿ ಅಳಲಿಲ್ಲ, ಕೈಯನ್ನೂ ಹಿಡಿಯಲಿಲ್ಲ. ಕೈಯಲ್ಲಿದ್ದ ಲೋಟವನ್ನು ತಿರುಗಿಸುತ್ತ ಕೂತಿದ್ದು ಕೇಳಿದಳು: "ಆ ಮಿಷಿನ್ ಈಗ್ಲೂ ಓಡ್ತಿದೆಯಾ?"

"ಓಡ್ತಿದೆ."

"ಇವತ್ತೂ ಜನರ ತಲೆಗೆ ಹಸಿರು ಹಾಕ್ತಿದೆ?"

"ಹಾಕ್ತಿದೆ."

"ಮತ್ತೆ ಇಲ್ಲಿ ಯಾಕ್ ಕೂತಿದ್ದೀರಿ? ಎದ್ದು ಹೋಗಿ. ಹೋಗಿ ನೋಡಿ."

ಆಕೆ ಎದ್ದು ಬಂದರು. ಅಂದಿನಿಂದ ಆಕೆ ಸಾಲನ್ನು ಕೊನೆಯಿಂದ ಓದತೊಡಗಿದರು. ಕೆಂಪುಗಳನ್ನು ಮುಗಿಸಿ ಬೇರೆಯವರು ಎದ್ದುಹೋಗುವ ಹೊತ್ತಿಗೆ ಆಕೆ ಬಾಲದ ತುದಿ ಹಿಡಿದು, ಯಂತ್ರ ಅತ್ಯಂತ ನಿಶ್ಚಿಂತೆಯಿಂದ ಕೈಬಿಟ್ಟ ತಲೆಯನ್ನೇ ಮೊದಲು ತೆಗೆಯುತ್ತಿದ್ದರು. ಬಹುಪಾಲು ಅಲ್ಲಿ ಏನೂ ಇರುತ್ತಿರಲಿಲ್ಲ, ಜರಡಿಯೇ ಸರಿಯಾಗಿರುತ್ತಿತ್ತು. ಯಾವಾಗಲೋ ಒಮ್ಮೆ ಒಂದು ಸಿಗುತ್ತಿತ್ತು: ಬಡಗಿಯೊಬ್ಬ, ಮುದುಕಿಯೊಬ್ಬಳು. ಆಗ ಪಡಸಾಲೆಯಲ್ಲಿ ಓಡುವ ಹೆಜ್ಜೆಗಳ ಸದ್ದು ಕೇಳುತ್ತಿತ್ತು. ಆದರೆ ಅಂಥ ದಿನಗಳಲ್ಲಿ ಆಕೆ ಹೆಚ್ಚು ಕುಗ್ಗುತ್ತಿದ್ದರು. ಒಂದು ಸಿಕ್ಕಿತೆಂದರೆ, ಆಕೆ ಕೂರದಿದ್ದ ದಿನಗಳಲ್ಲಿ ಎಷ್ಟು ಹೋದವು ಎಂಬ ಪ್ರಶ್ನೆ ಅದರ ಬೆನ್ನಿಗೇ ಬರುತ್ತಿತ್ತು. ಒಸ್ಮರೀನಾಳ ಮರದ ಕಡೆ ಮತ್ತೆ ಹೋಗಲಿಲ್ಲ. ಗ್ರಾಸಿಲೇನಿ ಹಂಡೆ ಇಟ್ಟು ವ್ಯಾಪಾರ ಮುಂದುವರಿಸಿದಳು. ಸಂಜೆಯ ಹಬೆ ಪಡಸಾಲೆಯ ಕಿಟಕಿಗೆ ಬಡಿದಾಗ ಲಿಯೊಕಾದಿಯಾ ಕಿಟಕಿ ಮುಚ್ಚುತ್ತಿದ್ದರು.

ನಿರ್ದೇಶಕ ಡಾಕ್ಟರ್ ಆಸ್ತ್ರೊಜಿಲ್ದು ಕೆಟ್ಟವರಲ್ಲ. ಅವರು ಕೆಟ್ಟವರಾಗಿದ್ದರೆ ಆಕೆಗೆ ಜಗಳವಾಡಲು ಒಂದು ಗೋಡೆಯಾದರೂ ಸಿಗುತ್ತಿತ್ತು. ಜರಡಿಯನ್ನು ನಿಲ್ಲಿಸಿ ಎಂದು ಕೇಳಲು ಹೋದಾಗ ಅವರು ಕುರ್ಚಿ ಎಳೆದು ಕೂರಿಸಿ, ಕಾಫಿ ತರಿಸಿ ಹೇಳಿದರು: "ದೊತೋರಾ, ಅದು ಬರೋಕೆ ಮುಂಚೆ ಪಡಸಾಲೆಯಲ್ಲಿ ಜನ ಸಾಯ್ತಿದ್ರು, ನಿಮಗೇ ಗೊತ್ತು. ಈಗ ಕಡಿಮೆ ಸಾಯ್ತಾರೆ. ಸುಸ್ತಾದ ಡಾಕ್ಟ್ರು ತಪ್ಪು ಮಾಡೋದಕ್ಕಿಂತ ನಿಮ್ಮ ಜರಡಿ ಕಡಿಮೆ ತಪ್ಪು ಮಾಡುತ್ತೆ. ಇದನ್ನ ನೀವೇ ನನಗೆ ತೋರಿಸಿಕೊಟ್ಟಿದ್ದು. ನಿಲ್ಸಿದ್ರೆ ನಾಳೆ ಸಾಯೋರಿಗೆ ನೀವು ಏನ್ ಹೇಳ್ತೀರಿ?"

"ಹಾಗಾದ್ರೆ ಹಸಿರನ್ನೂ ಓದೋಕೆ ಜನ ಕೊಡಿ."

"ಜನ ಇದ್ದಿದ್ರೆ ಜರಡಿ ಯಾಕೆ ಬೇಕಿತ್ತು?"

ಆಕೆ ಹೊರಗೆ ಬಂದು ನನ್ನ ಪ್ರಯೋಗಾಲಯದ ಸ್ಟೂಲಿನ ಮೇಲೆ ಕುಸಿದರು. "ಅವರು ಹೇಳೋದು ಸರಿ, ಮಾನಾ. ಅದೇ ಕಷ್ಟ. ಒಂದು ಮಾತೂ ಸುಳ್ಳಿಲ್ಲ."

ಕೊನೆಯ ಪ್ರಯತ್ನವೆಂದು ವಾಲ್ದೆಸೀರರನ್ನು ಮತ್ತೆ ಕರೆಸಿದರು. ನಗುವುದನ್ನು ಮರೆತಿದ್ದ ಆ ಮನುಷ್ಯ, ಬೇರೆ ತೆಗೆದಿಟ್ಟಿದ್ದ ಸಂದೇಹದ ತಲೆಗಳನ್ನೆಲ್ಲ ಮರಳಿ ತಂದು ಜರಡಿಗೆ ಕಲಿಸಲು ಕೂತರು. ಜರಡಿ ಕಲಿಯಿತು. ಸಂದೇಹವನ್ನು ಕಲಿಯಿತು, ಕಲಿತದ್ದೇ ತಡ, ಎಲ್ಲವನ್ನೂ ಸಂದೇಹಿಸತೊಡಗಿತು. ಸಾಲಿನ ಅರ್ಧ ಕೆಂಪಾಯಿತು, ಮುಕ್ಕಾಲು ಕೆಂಪಾಯಿತು. ನಿಜವಾಗಿ ರಕ್ತ ಸೋರುತ್ತಿದ್ದ ತಲೆ ಮತ್ತೆ ನೂರು ನಿರೋಗಿ ತಲೆಗಳ ಹಿಂದೆ ಸರದಿಗಾಗಿ ಕಾಯತೊಡಗಿತು. ಎಲ್ಲಿಂದ ಹೊರಟಿದ್ದರೋ ಅಲ್ಲಿಗೇ ಬಂದಿದ್ದರು. ಶಸ್ತ್ರಚಿಕಿತ್ಸಕರು ರೇಗಿದರು: "ಎಲ್ಲಾ ಕೆಂಪಾದ್ರೆ ಕೆಂಪು ಯಾಕ್ರೀ ಬೇಕು?" ಹಳೆಯ ಜರಡಿಯನ್ನೇ ಮತ್ತೆ ಹಾಕಿದರು. ವಾಲ್ದೆಸೀರ್ ಹೋಗುವ ದಿನ ಬಾಗಿಲಲ್ಲಿ ನಿಂತು, "ಕ್ಷಮಿಸಿ ದೊತೋರಾ, ಹೊಳೆಗೆ ಚೆಲ್ಲು ಅಂದವನು ನಾನು," ಎಂದರು. "ಚೆಲ್ಲಿದವಳು ನಾನು," ಎಂದು ಆಕೆ ಪರದೆಯಿಂದ ಕಣ್ಣೆತ್ತಲಿಲ್ಲ.

ಆಮೇಲಿನದು ಸಣ್ಣ ಕತೆ. ಜರಡಿ ಇತರ ಆಸ್ಪತ್ರೆಗಳಿಗೂ ಹೋಯಿತು, ಹೋದಲ್ಲೆಲ್ಲ ಜೀವ ಉಳಿಸಿತು, ಹೋದಲ್ಲೆಲ್ಲ ತಲೆ ಓದುವ ವೈದ್ಯರ ಹುದ್ದೆಗಳು ಖಾಲಿ ಬಿದ್ದು ಖಾಲಿಯಾಗಿಯೇ ಉಳಿದವು. ಹಸಿರಾದ ಚಿತ್ರಗಳನ್ನು ವೈದ್ಯರು ಓದಬೇಕಾಗಿಲ್ಲ, ನೇರ ಭಂಡಾರಕ್ಕೆ ಸೇರಿಸಬಹುದು ಎಂಬ ಸುತ್ತೋಲೆ ಬಂತು. ಆಕೆ ಅದನ್ನು ಓದಿ ಮಡಿಸಿಟ್ಟು, ತಮ್ಮ ವಿಶ್ರಾಂತಿಯ ಹೊತ್ತಿನಲ್ಲಿ ಓದುವುದನ್ನು ಮುಂದುವರಿಸಿದರು. ಕಣ್ಣು ಮಂಜಾಗತೊಡಗಿತ್ತು, ಪರದೆಗೆ ಮೂಗು ತಾಗುವಷ್ಟು ಬಾಗಿ ಕೂರುತ್ತಿದ್ದರು. ನಿವೃತ್ತಿಯ ದಿನ ನಾವು ಕೇಕು ತಂದಿದ್ದೆವು, ನಿರ್ದೇಶಕರು ಜರಡಿಯ ತಾಯಿ ಎಂದು ಕೊಂಡಾಡಿದರು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದಾಗ ಆಕೆ ಮೆಲ್ಲಗೆ ಕೋಣೆಗೆ ಹೋಗಿ ಕೂತರು. ಸಾಲಿನಲ್ಲಿ ಹಸಿರು ಬಹಳ ಉಳಿದಿತ್ತು. ಕಚೇರಿಯ ಹೊತ್ತು ಮುಗಿದಾಗ ಕಂಪ್ಯೂಟರಿನಲ್ಲಿ ಆಕೆಯ ಹೆಸರಿನ ಪ್ರವೇಶ ತಾನಾಗಿ ರದ್ದಾಯಿತು. ತೆರೆದಿದ್ದ ತಲೆಯೊಂದು ಅರ್ಧ ಓದಿದಂತೆಯೇ ಪರದೆಯಿಂದ ಮಾಯವಾಯಿತು. ಅದು ಯಾರದೆಂದು ಆಕೆಗೂ ಗೊತ್ತಾಗಲಿಲ್ಲ. ಎಷ್ಟೋ ದಿನ ಅದೊಂದೇ ಪ್ರಶ್ನೆ: "ಆ ಕೊನೇದು ಒಂದು ನೋಡೋಕಾಗುತ್ತಾ, ಮಾನಾ? ಎಡಗಡೆ ಏನೋ ಇತ್ತು." ನಾನು ಕೇಳಿ ನೋಡಿದೆ. ಯಾವುದೆಂದು ಹೇಳದೆ ಭಂಡಾರದಲ್ಲಿ ಹುಡುಕುವುದು ಹೇಗೆ ಎಂದರು ಅಲ್ಲಿಯವರು.

ಈಗ ಆಕೆ ದಿನವೂ ದೋಣಿಗಳು ಬಂದು ನಿಲ್ಲುವ ಕಟ್ಟೆಯ ಮೇಲೆ ಕೂರುತ್ತಾರೆ. ಮೊನ್ನೆ ಅತ್ತ ಹೋದಾಗ ಪಕ್ಕದಲ್ಲಿ ಕೂತೆ. ಮರಜೊದ ದೋಣಿ ಖಾಲಿಯಾಗುತ್ತಿತ್ತು. ಕೋಳಿಗಳು, ಅಸಾಯಿಯ ಬುಟ್ಟಿಗಳು, ನಿದ್ದೆಗಣ್ಣಿನ ಮಕ್ಕಳು. ಮೀನಿನ ಬುಟ್ಟಿ ಹೊತ್ತ ನಡುವಯಸ್ಸಿನವನೊಬ್ಬ ಹಲಗೆಯಿಂದಿಳಿಯುವಾಗ ಅವನ ಎಡಗಾಲು ಒಂದಿಷ್ಟು, ಕೂದಲೆಳೆಯಷ್ಟು, ಹಿಂದೆ ಬಿತ್ತು. ಆ ಮಂಜುಗಣ್ಣಿಗೆ ಅದು ಹೇಗೆ ಕಂಡಿತೋ, ಎದ್ದು ಹೋಗಿ ಅವನ ತೋಳು ಹಿಡಿದರು.

"ಎಲ್ಲಾದ್ರೂ ಬಿದ್ದಿದ್ಯಾಪ್ಪಾ? ಇತ್ತೀಚೆಗೆ? ತಲೆ ನೋಯುತ್ತಾ?"

"ಬಿಡಿ ಅಜ್ಜಿ, ಮೀನು ಕೆಡುತ್ತೆ."

"ನೆನಪು ಮಾಡ್ಕೋ. ಸಣ್ಣ ಏಟಾದ್ರೂ ಸರಿ."

ಅವನು ತೋಳು ಬಿಡಿಸಿಕೊಂಡು, ಜೊತೆಗಾರನಿಗೆ ಕಣ್ಣು ಮಿಟುಕಿಸಿ, ನಗುತ್ತ ಸಂತೆಯ ಗದ್ದಲದೊಳಗೆ ಹೋದ. ಕಾಲೆಳೆಯುತ್ತಿದ್ದನೋ, ಬುಟ್ಟಿಯ ಭಾರವೋ, ನನಗಂತೂ ತಿಳಿಯಲಿಲ್ಲ. ಆಕೆ ಅವನು ಹೋದ ದಿಕ್ಕನ್ನೇ ನೋಡುತ್ತ ನಿಂತಿದ್ದು, ಇನ್ನೊಂದು ದೋಣಿ ಕೂಗು ಹಾಕಿದಾಗ ಇತ್ತ ತಿರುಗಿದರು.

ಇಂಥವರನ್ನು ಲೋಕ ಮೊದಲು ಗೌರವಿಸುತ್ತದೆ, ಆಮೇಲೆ ಸಹಿಸುತ್ತದೆ, ಕೊನೆಗೆ ಕನಿಕರಪಡುತ್ತದೆ. ಲೋಕಕ್ಕೆ ಲೆಕ್ಕ ಮುಖ್ಯ. ಉಳಿದವರಲ್ಲಿ ಸತ್ತವರನ್ನು ಕಳೆದು, ಮಿಕ್ಕದ್ದು ದೊಡ್ಡದಾಗಿದ್ದರೆ ಅದು ನೆಮ್ಮದಿಯಿಂದ ಮಲಗುತ್ತದೆ, ಮಲಗಲೂಬೇಕು, ಇಲ್ಲವಾದರೆ ಆಸ್ಪತ್ರೆಗಳು ನಡೆಯವು. ಈ ಜಾತಿಯ ಮನುಷ್ಯರಿಗೆ ಕಳೆಯುವ ವಿದ್ಯೆ ಬರುವುದಿಲ್ಲ. ಉಳಿದ ಸಾವಿರ ಜನ ಎಲ್ಲೋ ತಮ್ಮ ಪಾಡಿಗೆ ಉಂಡು ಜಗಳವಾಡಿಕೊಂಡು ಬದುಕಿರುತ್ತಾರೆ, ಅವರಲ್ಲಿ ಒಬ್ಬರೂ ಇವರ ಬಾಗಿಲಿಗೆ ಬರುವುದಿಲ್ಲ. ಹೋದ ಒಬ್ಬರು ಮಾತ್ರ ದಿನವೂ ಬರುತ್ತಾರೆ. ಆಕೆಯನ್ನು ಸಮಾಧಾನಪಡಿಸುವ ಮಾತೊಂದನ್ನು ನಾನು ವರ್ಷಗಳಿಂದ ಹುಡುಕುತ್ತಿದ್ದೇನೆ, ಸಿಕ್ಕಿಲ್ಲ. ಸಿಕ್ಕರೂ ಅದು ಲೆಕ್ಕದ ಮಾತೇ ಆಗಿರುತ್ತದೆ.